ನೀಲವ್ವನ ಲಿವರಿಗೆ ಹೊರಟ ಬಸವನಹುಳು

ನಮ್ಮೂರಿನಲ್ಲಿ ಔಷಧಕ್ಕೆ ದಾರಿ ಗೊತ್ತಿಲ್ಲ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ, ನಗಲಿ ಬಿಡಿ. ತಲೆನೋವಿಗೆಂದು ಮಾತ್ರೆ ನುಂಗಿದ ನಮ್ಮ ದೊಡ್ಡಮ್ಮನ ಎಡಗಾಲಿನ ಆಣಿ ಉದುರಿಬಿತ್ತು, ತಲೆ ಮಾತ್ರ ಸಿಡಿಯುತ್ತಲೇ ಇತ್ತು. ಕೆಮ್ಮಿನ ಸಿರಪ್ ಕುಡಿದ ಅಂಚೆಯವನ ಮೊಣಕಾಲು ಎಷ್ಟು ಹಗುರಾಯಿತೆಂದರೆ ಅವನು ಸೈಕಲ್ ಬಿಟ್ಟು ಓಡಿಕೊಂಡೇ ಪತ್ರ ಹಂಚಿದ, ಕೆಮ್ಮುತ್ತಲೇ ಹಂಚಿದ. ಔಷಧ ಒಳ್ಳೆಯದೇ, ಕೆಲಸವನ್ನೂ ಮಾಡುತ್ತದೆ. ಆದರೆ ಒಳಗೆ ಹೋದ ಮೇಲೆ, ಗೊತ್ತಿಲ್ಲದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರ ಹಾಗೆ ಅತ್ತಿತ್ತ ನೋಡಿ ಯಾವುದೋ ಗಲ್ಲಿ ಹೊಕ್ಕುಬಿಡುತ್ತದೆ.

ಅದಕ್ಕೇ ನಮ್ಮಲ್ಲಿ ಯಾರೂ ಔಷಧವನ್ನು ಒಂಟಿಯಾಗಿ ಕಳಿಸುವುದಿಲ್ಲ, ಬಸವನಹುಳುವಿನ ಜೊತೆ ಕಳಿಸುತ್ತಾರೆ. ಡಾಕ್ಟರ್ ಕುಮುದಾಬಾಯಿಯವರ ದವಾಖಾನೆಯ ಹಿತ್ತಲಲ್ಲಿ ಸಿಮೆಂಟು ತೊಟ್ಟಿಗಳ ಸಾಲೇ ಇದೆ, ಒಂದೊಂದು ತೊಟ್ಟಿಯಲ್ಲಿ ಒಂದೊಂದು ಜಾತಿಯ ಹುಳು. ಕಿವಿಯದು ಕಡಲೆಕಾಳಿನಷ್ಟು, ಮಹಾ ಸಿಡುಕು. ಮೊಣಕಾಲಿನದು ಸೋಮಾರಿ, ತೊಡೆಯ ಮೇಲೆಯೇ ನಿದ್ದೆ ಹೊಡೆದುಬಿಡುತ್ತದೆ. ಲಿವರಿನದು ಲಿಂಬೆಹಣ್ಣಿನ ಗಾತ್ರ. ಅದು ನಡೆಯುವ ಠೀವಿ, ನಡುನಡುವೆ ನಿಂತು ಕೊಂಬು ಎತ್ತಿ ಸುತ್ತ ನೋಡುವ ಪರಿ ನೋಡಿ ಊರಿನವರು ಅದಕ್ಕೆ ಸಾಹೇಬ್ರು ಎಂದೇ ಹೆಸರಿಟ್ಟಿದ್ದಾರೆ. ಹುಳುವಿನ ಅಡಿಗೆ ಔಷಧ ಸವರಿ ರೋಗಿಯ ಮೈಮೇಲೆ ಬಿಟ್ಟರೆ ಸಾಕು. ಅದು ತನ್ನ ಜಾಗ ಹುಡುಕಿಕೊಂಡು ಹೋಗಿ ಅಂಟಿ ಕೂರುತ್ತದೆ, ಔಷಧ ನೆಟ್ಟಗೆ ಒಳಗಿಳಿಯುತ್ತದೆ. ಮೈಯೊಳಗಿನ ಒಂದೊಂದು ಅಂಗಕ್ಕೂ ಒಂದೊಂದು ಬಗೆಯ ಸಿಹಿ ಇದೆಯಂತೆ. ಹುಳುವಿನ ಲೋಳೆಯಲ್ಲಿ ಲೆಕ್ಟಿನ್ ಎಂಬ ಪದಾರ್ಥ ಇದೆಯಂತೆ. ಲೆಕ್ಟಿನ್ ಅಂದರೆ ಕೈ ಇದ್ದ ಹಾಗೆ, ಗುರುತಿನ ಸಕ್ಕರೆ ಸಿಕ್ಕರೆ ಹಿಡಿಯುತ್ತದೆ, ಬೇರೆಯದು ಸಿಕ್ಕರೆ ಬಿಡುತ್ತದೆ ಎನ್ನುವುದು ಡಾಕ್ಟರ ವಿವರಣೆ. ಹುಳುವಿಗೆ ಕೈ ಇದೆ ಎಂದು ಗೊತ್ತಾದ ಮೇಲೆ ನಮ್ಮ ಜನ ಅದಕ್ಕೆ ನಮಸ್ಕಾರವನ್ನೂ ಹಾಕತೊಡಗಿದರು.

ಅಭ್ಯಾಸವಾದರೆ ಕಷ್ಟವೇನೂ ಇಲ್ಲ. ಕುತ್ತಿಗೆಯ ಮೇಲೆ ಹುಳು ಕೂರಿಸಿಕೊಂಡು ಸಂತೆಗೆ ಹೋಗುತ್ತೇವೆ, ಬೆನ್ನಿನ ಮೇಲಿದ್ದರೆ ಬಸ್ಸಿನಲ್ಲಿ ನಿಂತೇ ಹೋಗುತ್ತೇವೆ. ಇರುವುದು ಒಂದೇ ನಿಯಮ. ಹುಳು ಕೆಲಸದಲ್ಲಿರುವ ಮನೆಯಲ್ಲಿ ಸಿಹಿ ಸುಳಿಯಬಾರದು. ಅಂಥ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ. ನೋಡಲು ಬಂದವರು ಹೊಸ್ತಿಲ ಹೊರಗೆ ಇಟ್ಟಿರುವ ಬೇವಿನ ಕಷಾಯದಲ್ಲಿ ಬಾಯಿ ಮುಕ್ಕಳಿಸಿಯೇ ಒಳಗೆ ಬರಬೇಕು. ಹೀಗೆ ಮುಖ ಕಿವುಚಿಕೊಂಡು ಬಂದವರನ್ನು ನೋಡಿ ರೋಗಿಗೆ ತನ್ನ ಸ್ಥಿತಿ ಪರವಾಗಿಲ್ಲ ಅನ್ನಿಸುತ್ತದೆ.

ಇಂಥ ಊರಿನಲ್ಲಿ ದುಂಡಪ್ಪ ಮಿಠಾಯಿ ಅಂಗಡಿ ಇಟ್ಟಿದ್ದ. ನನ್ನ ಸೋಡಾ ಅಂಗಡಿ ಅವನ ಅಂಗಡಿಯ ಎದುರಿಗೇ ಇರುವುದರಿಂದ ಅವನ ವಿಷಯ ನನಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಆಮೇಲೆ ಅವನೇ ಹೇಳಿದ. ಹೇಳುವುದಕ್ಕೆ ಶುರು ಮಾಡಿದ ಮೇಲೆ ನಿಲ್ಲಿಸಲೇ ಇಲ್ಲ, ಆ ಮಾತು ಬೇರೆ. ಆದರೆ ಆಗ ಅವನು ಶುದ್ಧ ಮೂಗಬಸವ. ಗಿರಾಕಿಗೆ "ಎಷ್ಟು?" ಎಂದು ಕೇಳಿದರೆ ಅದೇ ಅವನ ದೊಡ್ಡ ಭಾಷಣ. ಮಾತೆಲ್ಲ ಅವನ ಹೆಂಡತಿ ನೀಲವ್ವನದು. ಅವನ ಪರವಾಗಿ ನಗುವವಳೂ ಅವಳೇ, ಜಗಳವಾಡುವವಳೂ ಅವಳೇ. ದುಂಡಪ್ಪ ಬೆಳಿಗ್ಗೆ ಬಾಣಲೆಯಿಂದ ತೆಗೆದ ಮೊದಲ ಪೇಡೆಯನ್ನು ಉಂಡೆ ಮಾಡಿ, ಊದಿ ಆರಿಸಿ, ಅವಳ ಬಾಯಿಗಿಟ್ಟು, ಒಂದು ಗಳಿಗೆ ನಿಂತು ಮುಖ ನೋಡಿ, ಹೋಗಿ ಕೆಲಸ ಹಿಡಿಯುತ್ತಿದ್ದ. ಮದುವೆಯಾದಂದಿನಿಂದ ಒಂದು ದಿನವೂ ತಪ್ಪಿರಲಿಲ್ಲ. ನೀಲವ್ವ ಅದನ್ನು ಚಪ್ಪರಿಸಿಕೊಂಡು ಕಟ್ಟೆಗೆ ಬಂದು ಕೂತಳೆಂದರೆ ನಮ್ಮ ಓಣಿಗೆ ಬೆಳಗಾಯಿತು ಎಂದು ಲೆಕ್ಕ.

ಹೀಗಿರುವಾಗ ನೀಲವ್ವನ ಕಣ್ಣು ಹಳದಿಯಾಯಿತು. ಊಟ ಸೇರದು, ಏಳಲು ತ್ರಾಣವಿಲ್ಲ, ಬೈಯುವುದಕ್ಕೂ ಬೇಸರ. ನೀಲವ್ವ ಬೈಯುತ್ತಿಲ್ಲ ಎಂದಾಗಲೇ ಓಣಿಗೆ ಗಾಬರಿ ಹತ್ತಿದ್ದು. ಕುಮುದಾಬಾಯಿ ಹೊಟ್ಟೆ ಒತ್ತಿ ನೋಡಿ, ಲಿವರು ಬಾತಿದೆ, ಔಷಧ ಇದೆ, ಮುಟ್ಟಿದರೆ ಗುಣವಾಗುತ್ತದೆ ಎಂದರು. ಹುಣ್ಣಿಮೆಯೊಳಗೆ ಮುಟ್ಟದಿದ್ದರೆ ತಮ್ಮ ಕೈಯಲ್ಲೇನೂ ಇಲ್ಲ ಎಂದು ದುಂಡಪ್ಪನನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದರು. ಅವನು ತಲೆಯಾಡಿಸಿದ. ಒಳಗೆ ಬಂದು ಬಾಗಿಲಿಗೆ ಬೇವು ಕಟ್ಟುವಾಗ ಗಂಟನ್ನು ಎಷ್ಟು ಬಿಗಿದನೆಂದರೆ ಸೊಪ್ಪೆಲ್ಲ ಉದುರಿ ಬರೀ ಕಡ್ಡಿ ಉಳಿಯಿತು.

ಸಾಹೇಬ್ರ ಸವಾರಿ ನೀಲವ್ವನ ಹೊಟ್ಟೆಯ ಮೇಲೆ ಬಂತು. ಕೊಂಬು ಎತ್ತಿ ಸುತ್ತ ನೋಡಿತು. ಆಮೇಲೆ ಗಂಭೀರವಾಗಿ ಹೊಟ್ಟೆಯಿಂದಿಳಿದು, ಮಂಚದಿಂದಿಳಿದು, ಗೋಡೆಗೊರಗಿ ಕೂತಿದ್ದ ದುಂಡಪ್ಪನ ಧೋತರ ಹತ್ತಿ, ಅವನ ಬಲ ಪಕ್ಕೆಯ ಕೆಳಗೆ ಗಟ್ಟಿಯಾಗಿ ಅಂಟಿಕೊಂಡಿತು. ಕಿತ್ತು ಮತ್ತೆ ನೀಲವ್ವನ ಮೇಲೆ ಬಿಟ್ಟರು. ಮತ್ತೆ ಹೊರಟಿತು. ದುಂಡಪ್ಪ ಅಡುಗೆಮನೆಗೆ ಓಡಿದ, ಅಲ್ಲಿಗೆ ಹೋಯಿತು. ಹಿತ್ತಲಿಗೆ ಓಡಿದ, ಹಿತ್ತಲಿಗೂ ಹೋಯಿತು. ಬಸವನಹುಳುವಿನಿಂದ ತಪ್ಪಿಸಿಕೊಂಡು ಓಡುವ ಗಂಡಸನ್ನು ನಾನು ಅದೇ ಮೊದಲು ನೋಡಿದ್ದು. ಎಷ್ಟು ಓಡಿದರೂ ಎಲ್ಲೋ ಒಂದು ಕಡೆ ಕೂರಲೇಬೇಕಲ್ಲ, ಕೂತಲ್ಲಿಗೆ ಸಾಹೇಬ್ರು ಬಂದೇ ಬರುತ್ತಿದ್ದರು.

ಬಾಣಲೆಯ ಹಬೆ ಕುಡಿದು ಕುಡಿದು ಇವನ ಮೈಗೇ ಪಾಕ ಇಳಿದುಬಿಟ್ಟಿದೆ, ಇವನ ಎದುರು ಹೆಂಡತಿಯ ಲಿವರಿನ ಸಿಹಿ ಹುಳುವಿಗೆ ಎಲ್ಲಿ ಕಾಣಬೇಕು ಎಂದು ಡಾಕ್ಟರು ತಲೆ ಚಚ್ಚಿಕೊಂಡರು. ಔಷಧವೆಲ್ಲ ದುಂಡಪ್ಪನಿಗೇ ಇಳಿಯಿತು. ಅವನ ಲಿವರು ವಜ್ರದ ಹಾಗಾಯಿತು. ಹಸಿವೋ ಹಸಿವು, ಕೆನ್ನೆ ಕೆಂಪು, ಕಣ್ಣಲ್ಲಿ ಮದುಮಗನ ಹೊಳಪು. ಒಳಗೆ ಹೆಂಡತಿ ಒಣಗುತ್ತಿದ್ದಾಳೆ, ಹೊರಗೆ ಗಂಡ ಮಿರಮಿರ ಮಿಂಚುತ್ತಿದ್ದಾನೆ. ಕಂಡವರೆಲ್ಲ ಏನಪ್ಪಾ ಮೈ ಕೈ ತುಂಬಿಕೊಂಡಿದ್ದೀಯಲ್ಲ ಎನ್ನುವವರೇ. ಪಾಪ, ಆ ಕೆಂಪು ಕೆನ್ನೆ ಇಟ್ಟುಕೊಂಡು ಅಳುವುದಕ್ಕೂ ಅವನಿಗೆ ನಾಚಿಕೆ.

ಅವನು ಅಂಗಡಿಗೆ ಬೀಗ ಹಾಕಿದ. ಬೇವಿನ ನೀರಿನಲ್ಲಿ ಮಿಂದ, ಹುಣಸೆಹಣ್ಣು ತಿಕ್ಕಿಕೊಂಡ, ಕೆರೆಯಲ್ಲಿ ಎಮ್ಮೆಗಳ ಪಕ್ಕ ಕುತ್ತಿಗೆಯವರೆಗೆ ಮುಳುಗಿ ಕೂತ. ಮೊದಮೊದಲು ಅವನ ಸ್ನಾನದ ನೀರು ಹರಿದ ಮೋರಿಯಲ್ಲಿ ಇರುವೆಗಳು ಮೆರವಣಿಗೆ ಹೊರಟವು. ಮೂರು ಹೊತ್ತೂ ಹಾಗಲಕಾಯಿ ತಿಂದ. ಅವನಷ್ಟೇ ಅಲ್ಲ, ಊರಿಗೆ ಊರೇ ಕಹಿಯಾಯಿತು. ಇರುವುದೊಂದೇ ಮಿಠಾಯಿ ಅಂಗಡಿ, ಅದಕ್ಕೂ ಬೀಗ. ಪಕ್ಕದ ಮನೆಯ ಬಾಳವ್ವನ ಮಗಳ ಮದುವೆಯಲ್ಲಿ ಹೆಣ್ಣು ಗಂಡು ಪರಸ್ಪರ ಬಾಯಿಗೆ ಮೆಂತ್ಯದ ಪಲ್ಯ ಇಟ್ಟರು, ಬೀಗರ ಮುಖ ಊಟ ಮುಗಿಯುವವರೆಗೂ ನೆಟ್ಟಗಾಗಲಿಲ್ಲ. ಪರೀಕ್ಷೆ ಪಾಸಾದ ಮಕ್ಕಳಿಗೆ ಹುರಿಗಡಲೆ. ಜನ ಗೊಣಗಿದರು, ಆದರೆ ಗೊಣಗುವಾಗಲೂ ನೀಲವ್ವ ಹೇಗಿದ್ದಾಳೆ ಎಂದು ಕೇಳಿಯೇ ಗೊಣಗಿದರು. ನಮ್ಮ ಜನ ಆ ಮಟ್ಟಿಗೆ ಒಳ್ಳೆಯವರು.

ಕಡೆಗೊಂದು ದಿನ ಸಾಹೇಬ್ರು ದುಂಡಪ್ಪನ ಹತ್ತಿರ ಬಂದು, ಕೊಂಬು ಎತ್ತಿ ಮೂಸಿ, ತಿರಸ್ಕಾರದಿಂದ ಮುಖ ತಿರುಗಿಸಿದರು. ದುಂಡಪ್ಪನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹುಳು ಮಂಚ ಹತ್ತಿತು, ನೀಲವ್ವನ ಹೊಟ್ಟೆ ಏರಿತು, ಎಲ್ಲರೂ ಉಸಿರು ಬಿಗಿಹಿಡಿದರು. ಅದು ಲಿವರನ್ನು ದಾಟಿ, ಎದೆ ದಾಟಿ, ಅವಳ ಗದ್ದದ ಮೇಲೆ ಹೋಗಿ, ತುಟಿಯ ಅಂಚಿಗೆ ಬಾಯಿಟ್ಟು ಆರಾಮವಾಗಿ ಕೂತುಬಿಟ್ಟಿತು. ಮರುದಿನವೂ ಅದೇ ಕಥೆ. ಅದರ ಮರುದಿನವೂ ಅದೇ. ಅಷ್ಟರಲ್ಲಿ ನೀಲವ್ವನ ಪಾದಗಳು ಊದಿಕೊಂಡವು.

ಕುಮುದಾಬಾಯಿ ಸೆರಗು ಸಿಕ್ಕಿಸಿಕೊಂಡು ವಿಚಾರಣೆಗೆ ನಿಂತರು. ಬಂದುಹೋದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಏನು ಕೊಟ್ಟಿರಿ ಎಂದು ಕೇಳಿದರು. ಯಾರೂ ಏನೂ ಕೊಟ್ಟಿರಲಿಲ್ಲ. ದುಂಡಪ್ಪನಂತೂ ಎದೆ ಮುಟ್ಟಿಕೊಂಡು, ಮನೆಯಲ್ಲಿ ಸಿಹಿ ಎಂಬುದು ಚೂರೂ ಇಲ್ಲ ಎಂದು ತಲೆಯಾಡಿಸಿದ. ಅವನು ಸುಳ್ಳು ಹೇಳುವವನಲ್ಲ. ಬೆಳಿಗ್ಗೆಯಿಂದ ಇವಳ ಬಾಯಿಗೆ ಏನೇನು ಬಿತ್ತು ಹೇಳು ಎಂದರೆ ಗಂಜಿ, ಮಜ್ಜಿಗೆ, ಬಿಸಿನೀರು ಎಂದು ಬೆರಳು ಮಡಚಿದ. ಆಗ ನೀಲವ್ವ ಗೋಡೆಯ ಕಡೆ ಮುಖ ಮಾಡಿಕೊಂಡೇ, ಅದೊಂದನ್ನು ಬಿಟ್ಟಿರಲ್ಲ ಎಂದಳು.

"ಯಾವ್ದು?" ಎಂದರು ಡಾಕ್ಟರು.

"ಮುಂಜಾನಿ ಪೇಡೆ."

ಕೋಣೆಯಲ್ಲಿ ಎಲ್ಲರೂ ದುಂಡಪ್ಪನ ಕಡೆ ತಿರುಗಿದರು. ಅವನು ಕಣ್ಣು ಪಿಳಿಪಿಳಿ ಬಿಟ್ಟ. ಅಂಗಡಿ ಮುಚ್ಚಿದ ಮೇಲೂ ದಿನಾ ಬೆಳಿಗ್ಗೆ ಪುಟ್ಟ ಬೋಗುಣಿಯಲ್ಲಿ ಹಾಲು ಕಾಯಿಸಿ, ಒಂದೇ ಒಂದು ಪೇಡೆ ಮಾಡಿ, ಊದಿ ಆರಿಸಿ, ಅವಳ ಬಾಯಿಗಿಡುತ್ತಿದ್ದ. ಅದು ಸಿಹಿತಿಂಡಿ ಎಂಬ ಯೋಚನೆಯೇ ಅವನ ತಲೆಗೆ ಬಂದಿರಲಿಲ್ಲ. ಸಿಹಿತಿಂಡಿ ಎಂದರೆ ತಕ್ಕಡಿಯಲ್ಲಿಟ್ಟು ಮಾರುವುದು. ಇದು ಹಲ್ಲುಜ್ಜಿದ ಹಾಗೆ, ದೀಪ ಹಚ್ಚಿದ ಹಾಗೆ.

"ಅದು ತಿನಿಸಲ್ರಿ," ಎಂದ.

"ತಿನಿಸಲ್ದ ಮತ್ತೇನ್ರಿ ಅದು?"

ಅದೇನೆಂದು ದುಂಡಪ್ಪನಿಗೇ ಗೊತ್ತಿರಲಿಲ್ಲ. ಕುಮುದಾಬಾಯಿಗೆ ಸಿಟ್ಟು ನೆತ್ತಿಗೇರಿತು. "ಆ ಹುಳದ ಕೈಗೆಲ್ಲಾ ನಿಮ್ಮ ಪೇಡೆ ತುರಕಿ ಇಟ್ಟೀರಿ. ಕೈ ತುಂಬಿದ ಮ್ಯಾಲೆ ಅದು ಲಿವರ್ ಹೆಂಗ ಹಿಡಿಬೇಕ್ರಿ?" ಎಂದು ಬೈದು, ಸಾಹೇಬ್ರನ್ನು ಎತ್ತಿ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ತೊಳೆದು, ನಾಳೆಯಿಂದ ಪೇಡೆ ಬಂದ್ ಎಂದು ಅಪ್ಪಣೆ ಮಾಡಿ ಹೋದರು.

ಪೇಡೆ ಬಂದ್ ಆಯಿತು, ಅದರ ಜೊತೆಗೆ ನೀಲವ್ವನ ಬಾಯಿಯೂ ಬಂದ್ ಆಯಿತು. ಗಂಜಿ ಬೇಡ, ಮಜ್ಜಿಗೆ ಬೇಡ. ಎಷ್ಟು ಹೇಳಿದರೂ ಬಾಯಿ ತೆರೆಯಲಿಲ್ಲ. ಹಟವೆಂದರೆ ಹಟವಲ್ಲ ಅದು, ಅವಳಿಗೆ ನಿಜಕ್ಕೂ ಏನೂ ಇಳಿಯುತ್ತಿರಲಿಲ್ಲ. ಬಾಳವ್ವ ಬಂದು, ಗಂಜಿ ಕುಡಿಯದಿದ್ದರೆ ಬದುಕುವುದು ಹೇಗೆ ಎಂದು ಗದರಿಸಿದಾಗ ಮೆಲ್ಲಗೆ ಹೇಳಿದಳಂತೆ, "ಇಷ್ಟ್ ವರ್ಷದಾಗ ನನ್ ಜೋಡಿ ಒಂದ್ ಮಾತ್ ಆಡ್ದಾಂವಲ್ಲ. ಅದೊಂದು ಪೇಡೆ ಇತ್ತು. ಈಗ ಅದೂ ಇಲ್ಲಾಂದ್ರ, ನಾ ಯಾಕ ಎದ್ದ ಕೂಡ್ಲಿ?" ಇತ್ತ ಸಾಹೇಬ್ರು ಕೈ ತೊಳೆದುಕೊಂಡು ತಯಾರಾಗಿದ್ದರೂ ಹೊಟ್ಟೆಯ ಮೇಲೆ ದಾರಿ ಕಾಣದೆ ಸುಮ್ಮನೆ ಸುತ್ತುತ್ತಿದ್ದರು. ಉಪವಾಸ ಬಿದ್ದ ಲಿವರಿಗೆ ತನ್ನದೇ ಸಿಹಿಯೂ ಉಳಿಯುವುದಿಲ್ಲ, ಇವಳು ನಾಲ್ಕು ಗುಟುಕು ಗಂಜಿ ಕುಡಿದರೆ ಮಾತ್ರ ಹುಳು ಹಿಡಿಯುತ್ತದೆ ಎಂದರು ಡಾಕ್ಟರು. ದುಂಡಪ್ಪನ ಕಡೆ ತಿರುಗಿ, ಆ ಪೇಡೆಯಲ್ಲಿ ಏನಿತ್ತೋ ಅದನ್ನು ಬಾಯಿಂದ ಹೇಳಪ್ಪ, ನನ್ನ ಹತ್ತಿರ ಬೇರೆ ಔಷಧ ಇಲ್ಲ ಎಂದುಬಿಟ್ಟರು.

ಅಲ್ಲಿಗೆ ಇಡೀ ಊರಿನ ಕಣ್ಣು ದುಂಡಪ್ಪನ ನಾಲಿಗೆಯ ಮೇಲೆ ಬಿತ್ತು. ಅವನೊಂದು ಮಾತಾಡಿದರೆ ನೀಲವ್ವ ಉಳಿಯುತ್ತಾಳೆ, ನೀಲವ್ವ ಉಳಿದರೆ ಅಂಗಡಿ ತೆರೆಯುತ್ತದೆ. ಮೊದಲ ಬೆಳಿಗ್ಗೆ ಅವನು ಮಂಚದ ಪಕ್ಕ ಕೂತು, ಗಂಟಲು ಸರಿಮಾಡಿಕೊಂಡು, ಬೆವರು ಒರೆಸಿಕೊಂಡು, ಕಡೆಗೆ ಹಾಲು ಒಡೆದುಹೋಯಿತು ಎಂದು ಹೇಳಿ ಎದ್ದುಬಂದ. ಆಮೇಲೆ ಶಾಲೆಯ ಅಡಿವೆಪ್ಪ ಮಾಸ್ತರರು ಅವನಿಗೆ ಪಾಠ ಶುರು ಮಾಡಿದರು. ಎಲೈ ಹೃದಯೇಶ್ವರಿಯೇ, ನಿನ್ನ ವದನಾರವಿಂದವು ಬಾಡಿರಲು ನನ್ನ ಜೀವನವು ಕಾರ್ಗತ್ತಲಾಗಿದೆ ಎಂದು ಬಾಯಿಪಾಠ ಮಾಡಿಸಿದರು. ದುಂಡಪ್ಪ ಅದನ್ನು ದಾರಿಯುದ್ದಕ್ಕೂ ಗುನುಗುತ್ತಾ ಹೋಗಿ, ಎಲೈ ಎಂದವನೇ ಮುಂದಿನದೆಲ್ಲ ಮರೆತು, ಎಲೆ ಅಡಿಕೆ ತರಲೇ ಎಂದು ಕೇಳಿದ. ಜನ ಕಿಟಕಿಯ ಹೊರಗೆ ಗುಂಪುಗೂಡಿ ಹೇಳು ದುಂಡಪ್ಪ, ಹೇಳು ಎಂದು ಹುರಿದುಂಬಿಸತೊಡಗಿದರು. ಅಷ್ಟು ಜನರ ಎದುರು ಕುಸ್ತಿಯಾಡು ಎಂದಿದ್ದರೂ ಅವನು ಆಡುತ್ತಿದ್ದನೇನೋ, ಇದು ಆಗುವ ಕೆಲಸವಾಗಿರಲಿಲ್ಲ.

ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ನೀಲವ್ವ ತಾನಾಗಿಯೇ ಅವನನ್ನು ಹತ್ತಿರ ಕರೆದಳು. ಧ್ವನಿ ಕೇಳಿಸುವಷ್ಟೂ ಇರಲಿಲ್ಲ. ಇನ್ನು ಈ ಒದ್ದಾಟ ಸಾಕು, ನಾಳೆ ಒಂದು ಪೇಡೆ ಮಾಡಿಕೊಡಿ, ಅದನ್ನು ಬಾಯಲ್ಲಿ ಇಟ್ಟುಕೊಂಡೇ ಹೋಗುತ್ತೇನೆ ಎಂದಳು. ಕಿಟಕಿಯ ಹೊರಗೆ ನಾವೆಲ್ಲ ಸರಳಿಗೆ ಕಿವಿ ಹಚ್ಚಿ ಅದನ್ನು ಕೇಳಿಸಿಕೊಂಡೆವು. ದುಂಡಪ್ಪನ ಮುಖ ಇದ್ದಕ್ಕಿದ್ದಂತೆ ಕೆಂಪಗಾಯಿತು. ಅವನಿಗೆ ಬಂದದ್ದು ಅಳುವಲ್ಲ, ಸಿಟ್ಟು. ಮಂಚದ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ನನಗ ಸಿಹಿ ಸೇರೂದಿಲ್ಲ," ಎಂದ.

ನೀಲವ್ವ ಕಣ್ಣು ತೆರೆದಳು. ನಮಗೆಲ್ಲ ಸಿಡಿಲು ಬಡಿದ ಹಾಗಾಯಿತು. ಮಿಠಾಯಿ ಮಾಡುವ ದುಂಡಪ್ಪನಿಗೆ ಸಿಹಿ ಸೇರುವುದಿಲ್ಲವೆ?

"ಸಣ್ಣಾಂವ ಇದ್ದಾಗಿಂದ ಸೇರೂದಿಲ್ಲ. ನಾಲಿಗಿ ಮ್ಯಾಲಿಟ್ರ ಹೊಟ್ಟಿ ತೊಳಸ್ತೈತಿ. ಅಪ್ಪನ ಅಂಗಡಿ, ಬಿಡಾಕ ಬರ್ಲಿಲ್ಲ. ಸಕ್ರಿ ಸರಿ ಬಿದ್ದೈತೋ ಇಲ್ಲೋ ನನಗ ಹೆಂಗ ತಿಳೀಬೇಕು? ಅದಕ್ಕ ನಿನ್ ಬಾಯಾಗ ಇಡ್ತಿದ್ದೆ. ನಿನ್ ಮಾರಿ ನೋಡಿದ್ರ ತಿಳೀತಿತ್ತು."

ಕಿಟಕಿಯ ಹೊರಗೆ ಬಾಳವ್ವ ಹಣೆ ಚಚ್ಚಿಕೊಂಡಳು. ಇಷ್ಟು ವರ್ಷ ಪ್ರೀತಿ ಎಂದುಕೊಂಡದ್ದು ರುಚಿ ನೋಡಿಸುವ ಕೆಲಸವಾಗಿತ್ತು ಎಂದು ಸಾಯುವವಳ ಮುಂದೆ ಯಾರಾದರೂ ಹೇಳುತ್ತಾರೆಯೇ? ಇದಕ್ಕಿಂತ ಎಲೆ ಅಡಿಕೆಯೇ ವಾಸಿಯಾಗಿತ್ತು. ಮಾಸ್ತರರು ಕಿಟಕಿಯಿಂದ ಕೈಸನ್ನೆ ಮಾಡಿ ಸುಮ್ಮನಿರು ಎಂದರು. ಆದರೆ ಅವನು ಸುಮ್ಮನಾಗಲಿಲ್ಲ.

"ಅದು ಮದಿವ್ಯಾದ ಹೊಸದಾಗ. ಆಮ್ಯಾಲೆ ಸಕ್ರಿ ನೋಡೂದ ಮರತಬಿಟ್ಟೆ. ನಿನ್ ಮಾರೀನ ನೋಡ್ಕೋತ ನಿಂತಬಿಡ್ತಿದ್ದೆ. ನೀ ಹೋದಿ ಅಂದ್ರ ಮುಂಜಾನೆದ್ದು ನಾ ಏನ್ ನೋಡ್ಲಿ?"

ಹೇಳಿ, ತಾನೇ ಹೇಳಿದ್ದಕ್ಕೆ ಬೆಚ್ಚಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಕೆಲವು ದಿನ ಪೇಡೆ ಸಪ್ಪೆ, ಕೆಲವು ದಿನ ಹಲ್ಲು ಜುಮ್ಮೆನ್ನುವಷ್ಟು ಸಿಹಿ ಯಾಕಿರುತ್ತಿತ್ತು ಎಂಬುದು ನಮಗೆಲ್ಲ ಅವತ್ತು ಅರ್ಥವಾಯಿತು. ಆದರೆ ದೂರು ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ನಾನಂತೂ ಕಿಟಕಿಯ ಸರಳು ಹಿಡಿದುಕೊಂಡು ಗೊಳೋ ಎಂದು ಅಳುತ್ತಿದ್ದೆ. ನೀಲವ್ವನ ತುಟಿಯ ಮೂಲೆ ಅಲುಗಿತು.

"ಎಷ್ಟೋ ದಿನ ಸಕ್ರಿ ಹೆಚ್ಚಾಗಿರ್ತಿತ್ತು," ಎಂದಳು. "ನನಗ ತಿಳೀತಿತ್ತು. ಹೇಳಿದ್ರ ನೀವು ಬಾಣ್ಲಿ ಕಡೆ ಓಡಿಬಿಡ್ತೀರಿ ಅಂತ ಹೇಳ್ತಿರ್ಲಿಲ್ಲ."

ಆಮೇಲೆ ಗಂಜಿ ಕೇಳಿದಳು. ದುಂಡಪ್ಪ ಗಂಜಿಯನ್ನೂ ಪೇಡೆಯ ಹಾಗೆ ಊದಿ ಆರಿಸಿ ಕುಡಿಸಿದ. ಅರ್ಧ ಅವಳ ಬಾಯಿಗೆ, ಅರ್ಧ ಸೀರೆಗೆ. ಒಂದು ಗುಟುಕು ಕುಡಿದು ಅವಳು ಮುಂದೆ ಎನ್ನುವಳು, ಅವನು ಮುಂದೆ ಹೇಳುವನು. ಕಟ್ಟೆ ಒಡೆದಿತ್ತು, ಇನ್ನು ಕೇಳಬೇಕೆ? ಮೊದಲು ನೋಡಿದಾಗ ಅವಳು ಹಸಿರು ಕುಪ್ಪಸ ತೊಟ್ಟಿದ್ದಳಂತೆ, ಅವಳು ತವರಿಗೆ ಹೋದಾಗಲೆಲ್ಲ ಜಿಲೇಬಿ ಸೊಟ್ಟಗಾಗುತ್ತಿತ್ತಂತೆ, ಒಮ್ಮೆ ಅವಳು ಬೈದದ್ದು ಕೇಳುವುದಕ್ಕೆಂದೇ ಬೇಕಂತ ಹಾಲು ಉಕ್ಕಿಸಿದ್ದನಂತೆ. ಮಧ್ಯಾಹ್ನದ ಹೊತ್ತಿಗೆ ಜಿಲೇಬಿಯ ವಿಷಯ ಮೂರನೆಯ ಬಾರಿ ಬಂದಾಗ ಕಿಟಕಿಯ ಜನ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ನಾನೂ ಬಾಳವ್ವನೂ ಡಾಕ್ಟರೂ ಮಾತ್ರ ಉಳಿದೆವು.

ಬಿಸಿಲು ಇಳಿಯುವ ಹೊತ್ತಿಗೆ ಸಾಹೇಬ್ರು ಕೊಂಬು ಎತ್ತಿದರು. ಹುಳು ಸೀರೆಯ ನೆರಿಗೆಯ ಹತ್ತಿರದಿಂದ ಹೊರಟು, ಹೊಕ್ಕುಳ ಬಳಸಿ, ಬಲಗಡೆ ತಿರುಗಿತು. ಡಾಕ್ಟರು ನನ್ನ ತೋಳನ್ನು ಎಷ್ಟು ಜೋರಾಗಿ ಹಿಡಿದರೆಂದರೆ ಬಳೆಯ ಗುರುತು ಮೂಡಿತು. ಅದು ಪಕ್ಕೆಯ ಕೆಳಗೆ ಬಂದು, ನಿಂತು, ಒಮ್ಮೆ ಕೊಂಬು ಒಳಗೆಳೆದುಕೊಂಡು, ಮತ್ತೆ ಹೊರಗೆ ಚಾಚಿ, ನಿಧಾನವಾಗಿ ಅಡಿಯೂರಿ ಕೂತಿತು. ಕುಮುದಾಬಾಯಿ ಒಳಗೆ ಹೋಗಿ ಬೆರಳಿನಿಂದ ಮೆಲ್ಲಗೆ ಎಬ್ಬಿಸಿ ನೋಡಿದರು. ಕದಲಲಿಲ್ಲ. ಹಿಡಿದಿದೆ, ಲಿವರನ್ನೇ ಹಿಡಿದಿದೆ, ಇನ್ನು ಭಯವಿಲ್ಲ ಎಂದು ಹೇಳಿ, ಅಷ್ಟು ಗಟ್ಟಿ ಹೆಂಗಸು ಮಂಚದ ಕಾಲಿಗೆ ಒರಗಿ ಕಣ್ಣು ಒರೆಸಿಕೊಂಡರು.

ದುಂಡಪ್ಪನಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ನಿಲ್ಲಿಸಿದರೆ ಅವಳು ಎಲ್ಲಿ ಹೋಗಿಬಿಡುತ್ತಾಳೋ ಎಂಬ ಹೆದರಿಕೆಯಲ್ಲಿ, ಗಂಟಲು ಕಟ್ಟಿಹೋಗಿದ್ದರೂ ಒಂದೇ ಸಮನೆ ಹೇಳುತ್ತಲೇ ಇದ್ದ. ನೀಲವ್ವನ ಕಣ್ಣು ನಿದ್ದೆಗೆ ಎಳೆಯುತ್ತಿತ್ತು. ಅವಳು ಊದಿದ ಕೈ ಎತ್ತಿ ಅವನ ಬಾಯಿಯ ಮೇಲೆ ಇಟ್ಟಳು.

"ಇವತ್ತಿಗೆ ಸಾಕ್ರಿ," ಎಂದಳು. "ನಾಳೆಗೂ ಸ್ವಲ್ಪ ಇಟ್ಕೋರಿ. ನಾ ಇರ್ತೇನಿ."